ಲೆಕ್ಕಕ್ಕೆ ಬಾರದ ತೂಕ

ಸಂಘದ ರಾಜ್ಯೋತ್ಸವದ ಆರೋಗ್ಯ ಗೋಷ್ಠಿಯಲ್ಲಿ ಮಾಡಿದ ಭಾಷಣ



ರಾಜ್ಯೋತ್ಸವದ ವೇದಿಕೆಯೆಂದರೆ ನಾಡು ನುಡಿಗಳ ಮಾತು ಕೇಳಲು ಎಲ್ಲರೂ ಕೂಡುವ ಜಾಗ. ಇಂಥಲ್ಲಿ ಬೊಜ್ಜಿನ ಮಾತೆತ್ತುವುದು ಹೋಳಿಗೆಯ ಪಂಕ್ತಿಯಲ್ಲಿ ಕಷಾಯ ಬಡಿಸಿದಂತೆ ಕಂಡೀತು. ಆದರೂ ಕಾರ್ಯದರ್ಶಿಗಳ ಆಗ್ರಹ. ಸಂಘದಲ್ಲಿ ಡಾಕ್ಟರರಿರುವಾಗ ಬ್ಯಾಂಕಿನ ಗುಮಾಸ್ತರಿಗೇಕೆ ಈ ವಿಷಯ ಎಂದು ಕೇಳಿದೆವು. "ಡಾಕ್ಟರರು ರೋಗದ ಮಾತು ಹೇಳುತ್ತಾರೆ, ನೀವು ಲೆಕ್ಕದ ಮಾತು ಹೇಳಿರಿ" ಎಂದರು. ಇದು ಒಪ್ಪತಕ್ಕ ಮಾತೇ. ನಾವು ಬಿ.ಕಾಂ. ಓದಿ ಕೌಂಟರಿನ ಹಿಂದೆ ಕುಳಿತವರು. ಔಷಧದ ಹೆಸರು ನಮಗೆ ತಿಳಿಯದು; ಆದರೆ ಬರೆದಿಡದ ಜಮೆಖರ್ಚು ಒಂದು ದಿನ ಮನೆಯನ್ನು ಹೇಗೆ ಮುಳುಗಿಸುತ್ತದೆಂಬುದು ಚೆನ್ನಾಗಿ ತಿಳಿದಿದೆ. ನಮ್ಮ ಮೈಯ ತೂಕವನ್ನು ನಮ್ಮ ಗಲ್ಲಿಯ ಡಾಕ್ಟರರು ಬರೆಯುತ್ತಾರೆಯೇ, ಬರೆದರೆ ಆ ಮೇಲೆ ಏನು ಮಾಡುತ್ತಾರೆ, ನಾವು ಏನು ಮಾಡಬೇಕು ಎಂಬಿಷ್ಟೇ ಇಂದಿನ ಮಾತು.

ಮೊದಲು ಒಂದು ಉದಾಹರಣೆ. ನಮ್ಮ ಸಹೋದ್ಯೋಗಿಯೊಬ್ಬರ ಸಂಗತಿ. ಅವರ ಒಪ್ಪಿಗೆ ಪಡೆದೇ ಹೇಳುತ್ತಿದ್ದೇವೆ, ಹೆಸರು ಬೇಡ. ಗದಗಿನ ಕಡೆಯವರು. ಅಧಿಕಾರಿಯಾದ್ದರಿಂದ ಮೂರು ವರ್ಷಕ್ಕೊಮ್ಮೆ ವರ್ಗ. ಹುಬ್ಬಳ್ಳಿ, ಸೊಲ್ಲಾಪುರ, ನಾಸಿಕ, ಕೊನೆಗೆ ಪುಣೆ. ನಾಲ್ಕು ಊರು, ನಾಲ್ಕು ಬಾಡಿಗೆ ಮನೆ, ನಾಲ್ವರು ಫ್ಯಾಮಿಲಿ ಡಾಕ್ಟರರು. ಕೆಲಸಕ್ಕೆ ಸೇರಿದ ವರ್ಷ ಜೀವವಿಮೆ ಮಾಡಿಸಿದಾಗ ವಿಮೆಯ ಡಾಕ್ಟರರು ಎತ್ತರ 166 ಸೆಂಟಿಮೀಟರು, ತೂಕ 64 ಕಿಲೋ ಎಂದು ಬರೆದಿದ್ದರು. ಹನ್ನೆರಡು ವರ್ಷದ ನಂತರ ಪುಣೆಯಲ್ಲಿ ಕಣ್ಣು ಮಂಜಾಯಿತೆಂದು ಹೋದರೆ ಸಕ್ಕರೆ ಕಾಯಿಲೆಯೆಂದು ತಿಳಿಯಿತು. ಆ ದಿನದ ಕಾಗದದಲ್ಲಿ ತೂಕ 83 ಕಿಲೋ.

ಈ ಎರಡು ಅಂಕಿಗಳ ನಡುವಿನ ಹನ್ನೆರಡು ವರ್ಷ ಏನಾಯಿತು? ಆ ಮನೆಯ ಯಜಮಾನಿ ಅಚ್ಚುಕಟ್ಟಿನವರು. ಔಷಧ ಚೀಟಿಗಳನ್ನೆಲ್ಲ ಒಂದು ಫೈಲಿನಲ್ಲಿ ಇಟ್ಟಿದ್ದರು. ಒಂದು ಸಂಜೆ ಕುಳಿತು ಎಣಿಸಿದೆವು. 41 ಚೀಟಿಗಳು. ರಕ್ತದೊತ್ತಡವನ್ನು 26ರಲ್ಲಿ ಬರೆದಿದೆ. ತೂಕವನ್ನು ಬರೆದದ್ದು ನಾಲ್ಕರಲ್ಲಿ. ಎತ್ತರ ಒಂದರಲ್ಲೂ ಇಲ್ಲ. ಸೊಂಟದ ಸುತ್ತಳತೆಯೆಂಬ ಮಾತೇ ಇಲ್ಲ. ಮೊಣಕಾಲು ನೋವಿಗೆ ಮುಲಾಮು, ಎದೆಯುರಿಗೆ ಗುಳಿಗೆ, ಗೊರಕೆಗೆ ಮೂಗಿನ ಹನಿ, ಬೆನ್ನಿಗೆ ಪಟ್ಟಿ: ಒಂದೊಂದಕ್ಕೂ ಬೇರೆ ಬೇರೆ ಚೀಟಿ. ಇವೆಲ್ಲವೂ ತೂಕದ ಜೊತೆ ನಂಟುಳ್ಳ ತೊಂದರೆಗಳು. ಆದರೆ ಆ ನಂಟನ್ನು ಕಾಣಬೇಕಾದರೆ ಚೀಟಿಗಳೆಲ್ಲ ಒಂದೇ ಕಣ್ಣಿಗೆ ಬೀಳಬೇಕಿತ್ತು. ಯಾವ ಡಾಕ್ಟರರನ್ನೂ ನಾವು ದೂರಲಾರೆವು. ಒಬ್ಬೊಬ್ಬರೂ ಎರಡೆರಡು ಹಾಳೆ ನೋಡಿದರು. ಪುಸ್ತಕ ಯಾರ ಕೈಯಲ್ಲೂ ಇರಲಿಲ್ಲ.

ಬ್ಯಾಂಕಿನಲ್ಲಿ ಸಾಲದ ಕಂತು 90 ದಿನಕ್ಕಿಂತ ಹೆಚ್ಚು ಬಾಕಿಯಾದರೆ ಆ ಖಾತೆ ಅನುತ್ಪಾದಕವೆಂದು ತಾನೇ ಗುರುತಾಗುತ್ತದೆ. ಮ್ಯಾನೇಜರರ ನಿದ್ದೆ ಕೆಡುತ್ತದೆ. ನಮ್ಮ ಗೆಳೆಯರ ಮೈಯ ಖಾತೆ ಹನ್ನೆರಡು ವರ್ಷ ಬಾಕಿ ಬೆಳೆಸುತ್ತ ಹೋದರೂ ಯಾರ ನಿದ್ದೆಯೂ ಕೆಡಲಿಲ್ಲ. ಇಡೀ ಫೈಲಿನಲ್ಲಿ ಅವರನ್ನು ಎಚ್ಚರಿಕೆಯಿಂದ ಅಳೆದವರೆಂದರೆ ವಿಮೆಯವರು ಮಾತ್ರ. ಕಾರಣ ಸ್ಪಷ್ಟ: ಅಲ್ಲಿ ಹಣ ಅವರದಾಗಿತ್ತು.

ವಿಮೆಗೂ ತೂಕಕ್ಕೂ ಹಳೆಯ ಸಂಬಂಧವಿದೆ. ಬೆಲ್ಜಿಯಂ ದೇಶದ ಅಡಾಲ್ಫ್ ಕೆಟ್ಲೆ ಎಂಬ ಸಂಖ್ಯಾಶಾಸ್ತ್ರಜ್ಞನು 1830ರ ದಶಕದಲ್ಲಿ ಮನುಷ್ಯರ ತೂಕವು ಎತ್ತರದ ವರ್ಗಕ್ಕೆ ಅನುಗುಣವಾಗಿ ಬೆಳೆಯುವುದನ್ನು ಗುರುತಿಸಿದನು. ಅವನಿಗೆ ರೋಗದ ಚಿಂತೆ ಇರಲಿಲ್ಲ; ಸರಾಸರಿ ಮನುಷ್ಯನೆಂದರೆ ಯಾರು ಎಂಬುದಷ್ಟೇ ಅವನ ಕುತೂಹಲ. ಮುಂದೆ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಜೀವವಿಮಾ ಕಂಪನಿಯು 1940ರ ದಶಕದಲ್ಲಿ, ಮತ್ತೆ 1959ರಲ್ಲಿ, ಯಾವ ಎತ್ತರಕ್ಕೆ ಯಾವ ತೂಕವಿದ್ದವರು ಹೆಚ್ಚು ಕಾಲ ಬಾಳುತ್ತಾರೆಂದು ಕೋಷ್ಟಕಗಳನ್ನು ಪ್ರಕಟಿಸಿತು. 1972ರಲ್ಲಿ ಅಮೆರಿಕದ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ ಕೆಟ್ಲೆಯ ಲೆಕ್ಕಕ್ಕೆ ಬಾಡಿ ಮಾಸ್ ಇಂಡೆಕ್ಸ್ ಎಂದು ಹೆಸರಿಟ್ಟನು. ಅದೇ ಇಂದಿನ ಬಿ.ಎಂ.ಐ.

ಲೆಕ್ಕ ಸುಲಭ. ಕಿಲೋ ತೂಕವನ್ನು ಮೀಟರಿನ ಎತ್ತರದಿಂದ ಎರಡು ಸಲ ಭಾಗಿಸಿರಿ. ನಮ್ಮ ಗೆಳೆಯರ 64 ಕಿಲೋವನ್ನು 1.66ರಿಂದ ಎರಡು ಸಲ ಭಾಗಿಸಿದರೆ 23.2 ಬರುತ್ತದೆ. 83 ಕಿಲೋವನ್ನು ಹಾಗೆಯೇ ಭಾಗಿಸಿದರೆ 30.1.

ಇನ್ನು ಗೆರೆ ಎಲ್ಲಿ ಎಳೆಯಬೇಕು? ವಿಶ್ವ ಆರೋಗ್ಯ ಸಂಸ್ಥೆಯ ಸಾಮಾನ್ಯ ಗೆರೆ 25ಕ್ಕೆ ಅಧಿಕ ತೂಕ, 30ಕ್ಕೆ ಸ್ಥೂಲಕಾಯ. ಆದರೆ ಏಷ್ಯಾದ ಜನರಿಗೆ ಇದಕ್ಕಿಂತ ಕಡಮೆ ತೂಕದಲ್ಲಿಯೇ ಸಕ್ಕರೆ ಕಾಯಿಲೆ, ಹೃದಯದ ಕಾಯಿಲೆಗಳು ತೋರುತ್ತವೆಂದು ಕಂಡು, 2004ರಲ್ಲಿ ಅದರ ತಜ್ಞರ ಮಂಡಳಿ ನಮ್ಮಂಥವರಿಗಾಗಿ 23ರಲ್ಲಿಯೇ ಎಚ್ಚರಿಕೆಯ ಗುರುತು ಇಡಬೇಕೆಂದಿತು. 2009ರಲ್ಲಿ ಭಾರತದ ತಜ್ಞರು ಕೂಡಿ 23ಕ್ಕೆ ಅಧಿಕ ತೂಕ, 25ಕ್ಕೆ ಸ್ಥೂಲಕಾಯ, ಸೊಂಟದ ಸುತ್ತಳತೆ ಗಂಡಸರಿಗೆ 90 ಸೆಂಟಿಮೀಟರು, ಹೆಂಗಸರಿಗೆ 80 ಎಂದು ಗೊತ್ತುಮಾಡಿದರು. ಆ ಲೆಕ್ಕದಲ್ಲಿ ನಮ್ಮ ಗೆಳೆಯರು ನೌಕರಿಗೆ ಸೇರಿದ ದಿನವೇ ಮೊದಲ ಗೆರೆಯ ಮೇಲೆ ಕಾಲಿಟ್ಟಿದ್ದರು.

ನಮಗೇಕೆ ಕಡಮೆ ಗೆರೆ ಎಂದು ಕೇಳುವವರಿಗೆ ಉತ್ತರ ನಮ್ಮ ಪುಣೆಯಲ್ಲಿಯೇ ಇದೆ. ಇಲ್ಲಿಯ ಕೆ.ಇ.ಎಂ. ಆಸ್ಪತ್ರೆಯ ಡಾ. ಚಿತ್ತರಂಜನ ಯಾಜ್ಞಿಕರೂ ಇಂಗ್ಲೆಂಡಿನ ಡಾ. ಜಾನ್ ಯಡ್ಕಿನ್ನರೂ 2004ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ತಮ್ಮಿಬ್ಬರದೇ ಚಿತ್ರ ಪ್ರಕಟಿಸಿದರು. ಇಬ್ಬರ ಬಿ.ಎಂ.ಐ. ಒಂದೇ: 22.3. ಆದರೆ ಮೈಯ ಕೊಬ್ಬು ಅಳೆದಾಗ ಯಡ್ಕಿನ್ನರಲ್ಲಿ ಶೇಕಡಾ 9.1, ಯಾಜ್ಞಿಕರಲ್ಲಿ ಶೇಕಡಾ 21.2. ತಕ್ಕಡಿಗೆ ಇಬ್ಬರೂ ಸಮಾನರು. ಒಳಗಿನ ಸಂಗತಿ ಬೇರೆ. ನೋಡುವುದಕ್ಕೆ ತೆಳ್ಳಗಿದ್ದು ಹೊಟ್ಟೆಯ ಸುತ್ತ ಮಾತ್ರ ಕೊಬ್ಬು ಹೊತ್ತವರು ನಮ್ಮ ಜನರಲ್ಲಿ ಬಹಳ. ಆದ್ದರಿಂದ ತೂಕದ ಯಂತ್ರವೊಂದೇ ಸಾಲದು. ದರ್ಜಿಯ ಟೇಪು ಕೂಡ ಬೇಕು.

ಡಾಕ್ಟರರು ತೂಕವನ್ನು ಏಕೆ ಬರೆಯುವುದಿಲ್ಲ? ಮೊದಲ ಕಾರಣ ಹೊತ್ತು. ನಾನಾ ದೇಶಗಳ ಲೆಕ್ಕ ಕೂಡಿಸಿ 2017ರಲ್ಲಿ ಪ್ರಕಟವಾದ ಒಂದು ಸಮೀಕ್ಷೆಯಲ್ಲಿ ಭಾರತದ ಪ್ರಾಥಮಿಕ ವೈದ್ಯರು ಒಬ್ಬ ರೋಗಿಗೆ ಕೊಡುವ ಸಮಯ ಸುಮಾರು ಎರಡು ನಿಮಿಷವೆಂದು ಕಂಡಿತು. ಬೆಂಚಿನ ಮೇಲೆ ಇಪ್ಪತ್ತು ಜನ ಕುಳಿತಿರುವಾಗ ಜ್ವರದವನನ್ನು ತೂಗುವುದು ಯಾರಿಗೆ ತೋಚೀತು?

ಎರಡನೆಯ ಕಾರಣ ನಮ್ಮ ದೇಶದ ಚರಿತ್ರೆ. ಇಲ್ಲಿ ತೂಗುವ ಪದ್ಧತಿ ಹುಟ್ಟಿದ್ದೇ ಹಸಿವಿಗಾಗಿ. ಗರ್ಭಿಣಿಯನ್ನು ತೂಗುತ್ತಾರೆ, ತಾಯಿ ಕಾರ್ಡಿನಲ್ಲಿ ಬರೆಯುತ್ತಾರೆ. ಅಂಗನವಾಡಿಯಲ್ಲಿ ಮಗುವನ್ನು ತೂಗಿ ನಕ್ಷೆಯಲ್ಲಿ ಚುಕ್ಕೆ ಇಡುತ್ತಾರೆ. ಸೊರಗಿದವರನ್ನು ಹುಡುಕುವುದು ಅದರ ಉದ್ದೇಶ, ಅದು ಸರಿಯಾದದ್ದೇ. ಆ ಕೆಲಸ ಇನ್ನೂ ಮುಗಿದಿಲ್ಲ. 2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಹೆಂಗಸರಲ್ಲಿ ಶೇಕಡಾ 18.7, ಗಂಡಸರಲ್ಲಿ ಶೇಕಡಾ 16.2 ಜನ ತೀರ ಕಡಮೆ ತೂಕದವರು. ಅದೇ ಸಮೀಕ್ಷೆಯಲ್ಲಿ ಬಿ.ಎಂ.ಐ. 25 ಅಥವಾ ಮೇಲಿದ್ದವರು ಹೆಂಗಸರಲ್ಲಿ ಶೇಕಡಾ 24, ಗಂಡಸರಲ್ಲಿ ಶೇಕಡಾ 22.9. ಒಂದೇ ದೇಶ, ಒಂದೇ ಓಣಿ, ಕೆಲವೊಮ್ಮೆ ಒಂದೇ ಮನೆ. ಆದರೆ ಐದು ವರ್ಷ ತುಂಬಿದ ಮೇಲೆ ಮಗುವಿನ ಕಾರ್ಡು ಪೆಟ್ಟಿಗೆ ಸೇರುತ್ತದೆ. ಹೆರಿಗೆಯಾದ ಮೇಲೆ ತಾಯಿಯ ಕಾರ್ಡೂ ಅಷ್ಟೇ. ಆ ಮೇಲೆ ನಲವತ್ತು ವರ್ಷ ಯಾರೂ ಚುಕ್ಕೆ ಇಡುವುದಿಲ್ಲ.

ಮೂರನೆಯ ಕಾರಣ ಸಂಕೋಚ. ಹೇಳಿದರೆ ನೊಂದುಕೊಂಡಾರು ಎಂದು ಡಾಕ್ಟರರು ಸುಮ್ಮನಿರುತ್ತಾರೆ. ಅವರು ಕೇಳಲಿಲ್ಲವಲ್ಲ ಎಂದು ರೋಗಿಗಳೂ ಸುಮ್ಮನಿರುತ್ತಾರೆ. ಹನ್ನೊಂದು ದೇಶಗಳಲ್ಲಿ ನಡೆದು 2019ರಲ್ಲಿ ಪ್ರಕಟವಾದ ಒಂದು ವಿಚಾರಣೆಯಲ್ಲಿ ಈ ಮೌನಕ್ಕೆ ಅಂಕಿಗಳು ಸಿಕ್ಕಿವೆ. ಭಾರತ ಅದರಲ್ಲಿ ಇರಲಿಲ್ಲ; ಖರ್ಚು ಕೊಟ್ಟದ್ದು ಔಷಧ ಕಂಪನಿ ಎಂಬುದನ್ನೂ ಲೆಕ್ಕದವರಾದ ನಾವು ಹೇಳಲೇಬೇಕು. ತೂಕದ ಕಷ್ಟ ತೊಡಗಿದಾಗಿನಿಂದ ಡಾಕ್ಟರರ ಬಳಿ ಆ ಮಾತು ಬರುವವರೆಗೆ ಸರಾಸರಿ ಆರು ವರ್ಷ ಕಳೆಯುತ್ತಿತ್ತು. ರೋಗಿಗಳಿಗೆ ತೂಕ ಇಳಿಸುವ ಮನಸ್ಸಿಲ್ಲವೆಂದು ನಂಬಿದ ವೈದ್ಯಕೀಯದವರು ಶೇಕಡಾ 71. ನಮಗೆ ಮನಸ್ಸಿಲ್ಲವೆಂದು ಹೇಳಿದ ರೋಗಿಗಳು ಶೇಕಡಾ 7. ಇಷ್ಟು ದೊಡ್ಡ ವ್ಯತ್ಯಾಸ ನಮ್ಮ ಶಾಖೆಯ ಲೆಕ್ಕದಲ್ಲಿ ಬಂದಿದ್ದರೆ ರಾತ್ರಿ ಬಾಗಿಲು ಹಾಕಲು ಬಿಡುತ್ತಿರಲಿಲ್ಲ.

ಪರಊರಿನಲ್ಲಿರುವ ನಮಗೆ ನಾಲ್ಕನೆಯದೊಂದು ಕಾರಣವೂ ಉಂಟು. ಅದು ಭಾಷೆ. ಊರಿನಿಂದ ಬಂದ ತಾಯಿಗೆ ಕನ್ನಡವಷ್ಟೇ ಗೊತ್ತು. ಡಾಕ್ಟರರು ಮರಾಠಿಯವರು, ಸಜ್ಜನರು. ನಡುವೆ ನಿಂತು ಮಾತು ಸಾಗಿಸುವವನು ಮಗ, ಇಲ್ಲವೆ ಸೊಸೆ. ಡಾಕ್ಟರರು "ಆಯೀಂಚಂ ವಜನ ಕಮೀ ಕರಾ" ಎನ್ನುತ್ತಾರೆ. ಮಗ ತಾಯಿಗೆ ಏನು ಹೇಳಬೇಕು? "ಅವ್ವಾ, ನೀ ದಪ್ಪ ಆಗೀ ಅಂತಾರ" ಎನ್ನಲು ನಾಲಿಗೆ ಬಾರದು. "ಸ್ವಲ್ಪ ಅಡ್ಡಾಡಬೇಕಂತ" ಎಂದು ಮುಗಿಸುತ್ತಾನೆ. ಸೊಸೆಯಾದರೆ ಅಷ್ಟನ್ನೂ ಹೇಳಲಾರಳು. ಹೇಳಿದರೆ ಊಟದ ಲೆಕ್ಕ ಹಿಡಿದಳೆಂಬ ಮಾತು ಗದಗಿನವರೆಗೆ ಹೋಗುತ್ತದೆ. ತಾಯಿಯ ಮನಸ್ಸಿನಲ್ಲಿರುವ ಪ್ರಶ್ನೆಗಳು, ಮೊಣಕಾಲು ನೋಯುವಾಗ ಹೇಗೆ ನಡೆಯಲಿ, ಲಿಫ್ಟಿಲ್ಲದ ಮೂರನೆಯ ಮಹಡಿಯಿಂದ ಹೇಗೆ ಇಳಿಯಲಿ, ಎರಡೇ ರೊಟ್ಟಿ ತಿನ್ನುವ ನನಗೇಕೆ ಇದು ಎಂಬವು, ಡಾಕ್ಟರರನ್ನು ಮುಟ್ಟುವುದೇ ಇಲ್ಲ. ಚೀಟಿಯಲ್ಲಿ ಒಂದು ಸಾಲು ಬಿದ್ದಿರುತ್ತದೆ: ತೂಕ ಇಳಿಸಲು ಸಲಹೆ ಕೊಡಲಾಗಿದೆ. ಸಲಹೆ ಕೊಟ್ಟದ್ದೂ ನಿಜ, ತಲುಪದೆ ಹೋದದ್ದೂ ನಿಜ.

ಇಲ್ಲಿ ಒಂದು ಮುಖ್ಯ ಮಾತು. ಬರೆಯದೆ ಚಿಕಿತ್ಸೆಯಿಲ್ಲ ಎಂದೆವು. ಆದರೆ ಬರೆದಷ್ಟಕ್ಕೇ ಚಿಕಿತ್ಸೆಯಾಯಿತೆಂದೂ ಅಲ್ಲ. ಇದನ್ನು ಇಂಗ್ಲೆಂಡಿನವರು ಕಂಡುಕೊಂಡರು. ಅಲ್ಲಿ ಪ್ರತಿಯೊಬ್ಬರೂ ಒಬ್ಬ ಡಾಕ್ಟರರ ಪಟ್ಟಿಯಲ್ಲಿ ಇರುತ್ತಾರೆ. ಊರು ಬದಲಾದರೆ ದಾಖಲೆ ಹಿಂದೆಯೇ ಬರುತ್ತದೆ. ನಮಗಿಲ್ಲದ ಭಾಗ್ಯ. 2006ರಲ್ಲಿ ಅಲ್ಲಿಯ ಸರಕಾರ ಬಿ.ಎಂ.ಐ. 30 ಮತ್ತು ಮೇಲಿರುವವರ ಪಟ್ಟಿ ಇಟ್ಟ ಡಾಕ್ಟರರಿಗೆ ಅದಕ್ಕಾಗಿ ಹಣ ಕೊಡಲಾರಂಭಿಸಿತು. ಪಟ್ಟಿ ತಯಾರಾಯಿತು. ಆದರೆ ಹಣವಿದ್ದದ್ದು ಪಟ್ಟಿಗೆ, ಪಟ್ಟಿಯಲ್ಲಿದ್ದವರಿಗೆ ಏನು ಮಾಡಿದಿರಿ ಎಂಬುದಕ್ಕಲ್ಲ. ಸುಸ್ತಿದಾರರ ಹೆಸರು ದಪ್ಪ ಅಕ್ಷರದಲ್ಲಿ ಬರೆದು ಕಪಾಟಿನಲ್ಲಿಟ್ಟ ಹಾಗೆ. 2021ರಲ್ಲಿ, ರೋಗಿಯನ್ನು ತೂಕ ಇಳಿಸುವ ತರಗತಿಗೆ ಕಳುಹಿಸಿದ ಒಂದೊಂದು ಸಲಕ್ಕೂ 11 ಪೌಂಡು 50 ಪೆನ್ಸಿನಂತೆ ಕೊಡುವ ಏರ್ಪಾಡು ಬಂದಿತು.

ಈ ನಡುವೆ ಅದೇ ದೇಶದಲ್ಲಿ ನಡೆದ ಒಂದು ಪ್ರಯೋಗ ನಮ್ಮ ಮನಸ್ಸಿಗೆ ಬಹಳ ಹಿಡಿಸಿತು. ಅದು 2016ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾಯಿತು. ಬೇರಾವುದೋ ಕಾಯಿಲೆಗೆಂದು ಬಂದ 1,882 ಸ್ಥೂಲಕಾಯದ ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಡಾಕ್ಟರರು ಕೊನೆಯಲ್ಲಿ, ತೂಕ ಇಳಿದರೆ ನಿಮ್ಮ ಆರೋಗ್ಯಕ್ಕೆ ಒಳ್ಳೆಯದು ಎಂದಷ್ಟೇ ಹೇಳಿದರು. ಇನ್ನೊಂದಕ್ಕೆ, ಹತ್ತಿರದಲ್ಲಿ ಹನ್ನೆರಡು ವಾರದ ತರಗತಿಯಿದೆ, ಖರ್ಚಿಲ್ಲ, ಹೆಸರು ಬರೆಸೋಣವೇ ಎಂದು ಕೇಳಿ, ಒಪ್ಪಿದವರಿಗೆ ಅಲ್ಲಿಯೇ ದಿನ ಗೊತ್ತುಮಾಡಿಸಿದರು. ಹಿಡಿದ ಸಮಯ ಅರ್ಧ ನಿಮಿಷ. ಒಂದು ವರ್ಷದ ನಂತರ ಬರಿಯ ಮಾತು ಕೇಳಿದವರು ಸರಾಸರಿ 1.04 ಕಿಲೋ ಇಳಿದಿದ್ದರು. ದಾರಿ ತೋರಿಸಿಕೊಂಡವರು 2.43 ಕಿಲೋ. ಒಂದೂವರೆ ಕಿಲೋ ಕೂಡ ವ್ಯತ್ಯಾಸವಿಲ್ಲವೆಂದು ನಗಬೇಡಿರಿ. ಅರ್ಧ ನಿಮಿಷದ ಬಂಡವಾಳಕ್ಕೆ ಇಂಥ ಬಡ್ಡಿ ಕೊಡುವ ಬ್ಯಾಂಕು ಎಲ್ಲಿಯೂ ಇಲ್ಲ. ಇನ್ನೂ ಸೋಜಿಗದ ಸಂಗತಿ: ಡಾಕ್ಟರರು ಹೀಗೆ ಮಾತೆತ್ತಿದ್ದು ಸರಿಯಲ್ಲ, ಪ್ರಯೋಜನವಿಲ್ಲ ಎಂದವರು ಅಷ್ಟು ಜನರಲ್ಲಿ ನಾಲ್ವರು ಮಾತ್ರ. ಹೇಳಿದರೆ ನೊಂದಾರೆಂಬ ಅಂಜಿಕೆಯಲ್ಲಿ ಹುರುಳು ಕಡಮೆ; ಹೇಗೆ ಹೇಳುತ್ತಾರೆಂಬುದರ ಮೇಲೆ ಎಲ್ಲ ನಿಂತಿದೆ.

ನಮ್ಮ ದೇಶದಲ್ಲಿಯೂ ಏನೂ ನಡೆದಿಲ್ಲವೆನ್ನುವಂತಿಲ್ಲ. ಸರಕಾರದ ಅಸಾಂಕ್ರಾಮಿಕ ರೋಗ ನಿಯಂತ್ರಣ ಕಾರ್ಯಕ್ರಮದಲ್ಲಿ ಆಶಾ ಕಾರ್ಯಕರ್ತೆಯರು ಮೂವತ್ತು ದಾಟಿದವರ ಮನೆಗೆ ಬಂದು ಒಂದು ಪ್ರಶ್ನಪಟ್ಟಿ ತುಂಬುತ್ತಾರೆ. ವಯಸ್ಸು, ತಂಬಾಕು, ಕುಡಿತ, ವ್ಯಾಯಾಮ, ಮನೆತನದ ಕಾಯಿಲೆ, ಅದರ ಜೊತೆಗೆ ಸೊಂಟದ ಸುತ್ತಳತೆ. ಹೆಂಗಸರಿಗೆ 80, ಗಂಡಸರಿಗೆ 90 ದಾಟಿದರೆ ಒಂದು ಅಂಕ. ಇನ್ನೂ ಹತ್ತು ಸೆಂಟಿಮೀಟರು ದಾಟಿದರೆ ಎರಡು. ಕಾಗದದ ಮೇಲೆ ಇದು ನಮ್ಮ ಅನೇಕ ಫ್ಯಾಮಿಲಿ ಡಾಕ್ಟರರ ಚೀಟಿಗಿಂತ ಮುಂದಿದೆ. ಆದರೆ ಸೊಸೈಟಿಯ ಗೇಟಿನಲ್ಲಿ ಕಾವಲುಗಾರನಿರುವ ಮನೆಗಳವರು ಆಶಾ ತಂಗಿಗೆ ಬಾಗಿಲು ತೆರೆಯುವುದು ಅಪರೂಪ. 2021ರ ಸೆಪ್ಟೆಂಬರಿನಲ್ಲಿ ದೇಶಕ್ಕೆಲ್ಲ ಆರಂಭವಾದ ಡಿಜಿಟಲ್ ಆರೋಗ್ಯ ಯೋಜನೆಯಲ್ಲಿ 14 ಅಂಕಿಯ ಆಭಾ ಸಂಖ್ಯೆ ಮಾಡಿಸಿದರೆ ಊರೂರಿನ ದಾಖಲೆಗಳನ್ನು ಒಂದೆಡೆ ಸೇರಿಸಬಹುದು. ಖಾತೆ ತೆರೆಯುವುದು ಸುಲಭ. ಜಮೆ ಮಾಡುವವರು ಬೇಕಲ್ಲ! ಗಲ್ಲಿಯ ಡಾಕ್ಟರರು ಬರೆಯದ ತೂಕ ಯಾವ ಸಂಖ್ಯೆಯಲ್ಲಿಯೂ ಹುಟ್ಟಿ ಬರಲಾರದು.

ಬರೆಯತಕ್ಕದ್ದು ಏನೆಂಬುದೂ ಈಚೆಗೆ ಬದಲಾಗುತ್ತಿದೆ. 2025ರ ಜನವರಿಯಲ್ಲಿ ಲ್ಯಾನ್ಸೆಟ್ ಬಳಗದ ಅಂತರರಾಷ್ಟ್ರೀಯ ಆಯೋಗವೊಂದು, ಬಿ.ಎಂ.ಐ. ಒಂದನ್ನೇ ನೋಡಿ ರೋಗಿಯೆಂದು ಹಣೆಪಟ್ಟಿ ಹಚ್ಚಬಾರದು. ಸೊಂಟವನ್ನೂ ಅಳೆಯಿರಿ, ಅಂಗಾಂಗಗಳಿಗೆ ತೊಂದರೆಯಾಗಿದೆಯೇ ನೋಡಿರಿ, ಆಗಿದ್ದರೆ ಅದು ರೋಗ, ಆಗದಿದ್ದರೆ ಮುನ್ನೆಚ್ಚರಿಕೆಯ ಸ್ಥಿತಿ ಎಂದು ಹೇಳಿತು. ಅದೇ ತಿಂಗಳು ಭಾರತದ ತಜ್ಞರೂ 23ಕ್ಕೆ ಮೇಲ್ಪಟ್ಟವರನ್ನು ಹೀಗೆಯೇ ಎರಡು ಹಂತವಾಗಿ ವಿಂಗಡಿಸಿದರು: ತೊಂದರೆ ತೋರದವರು ಒಂದನೆಯ ಹಂತ, ಸೊಂಟವೂ ಬೆಳೆದು ಕಾಯಿಲೆಯೂ ಕೂಡಿದವರು ಎರಡನೆಯ ಹಂತ. ಬ್ಯಾಂಕಿನ ಮಾತಿನಲ್ಲಿ ಹೇಳುವುದಾದರೆ, ಸಾಲದ ಮೊತ್ತವೊಂದನ್ನೇ ನೋಡಬೇಡ, ಮನೆಯ ಸ್ಥಿತಿಯನ್ನೂ ನೋಡು ಎಂದಂತಾಯಿತು.

ಇನ್ನು ನಾವು ಮಾಡತಕ್ಕದ್ದು. ಇಂಗ್ಲೆಂಡಿನವರಂತೆ ನಮ್ಮ ಹಿಂದೆ ದಾಖಲೆ ಬಾರದು. ಆದ್ದರಿಂದ ನಾವೇ ಅದನ್ನು ಹೊತ್ತುಕೊಂಡು ಹೋಗಬೇಕು. ಪಾಸ್‌ಬುಕ್ ಗ್ರಾಹಕನ ಕೈಯಲ್ಲಿರುತ್ತದಲ್ಲವೇ? ಹಾಗೆ ಮನೆಯ ಪ್ರತಿಯೊಬ್ಬ ದೊಡ್ಡವರಿಗೂ ಒಂದು ಸಣ್ಣ ನೋಟುಬುಕ್ ಇಡಿರಿ. ಮೊದಲ ಪುಟದಲ್ಲಿ ಎತ್ತರ. ಆ ಮೇಲೆ ಮೂರು ತಿಂಗಳಿಗೊಮ್ಮೆ ತಾರೀಖು, ತೂಕ, ಸೊಂಟ. ಪರೀಕ್ಷೆ ಮಾಡಿಸಿದ್ದರೆ ರಕ್ತದೊತ್ತಡ, ಸಕ್ಕರೆ. ಸೊಂಟವೆಂದರೆ ಪ್ಯಾಂಟಿನ ಅಳತೆಯಲ್ಲ. ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಯ ಮೇಲಂಚಿಗೂ ನಡುವೆ ಟೇಪು ಸುತ್ತಿ, ಉಸಿರು ಸಹಜವಾಗಿ ಬಿಟ್ಟ ಮೇಲೆ ಓದಿರಿ. ಹೊಟ್ಟೆ ಒಳಗೆಳೆದು ಅಳೆಸಿಕೊಂಡರೆ ಮೋಸ ಹೋಗುವವರು ನಾವೇ. ಸೊಂಟ ಎತ್ತರದ ಅರ್ಧಕ್ಕಿಂತ ಕಡಮೆ ಇರಲಿ ಎಂಬ ಸುಲಭ ಸೂತ್ರವನ್ನು ಇಂಗ್ಲೆಂಡಿನ ಆರೋಗ್ಯ ಮಾರ್ಗದರ್ಶಕ ಸಂಸ್ಥೆ 2022ರಲ್ಲಿ ಹೇಳಿತು. ಒಂದು ದಾರ ಸಾಕು: ಎತ್ತರದಷ್ಟು ಕತ್ತರಿಸಿ, ಎರಡು ಮಡಿಸಿ, ಸೊಂಟಕ್ಕೆ ಸುತ್ತಿ ನೋಡಿರಿ. ಮಕ್ಕಳಿಗೆ ಈ ದೊಡ್ಡವರ ಗೆರೆಗಳು ಸಲ್ಲವು. ಅವರದು ವಯಸ್ಸಿಗೆ ತಕ್ಕ ಬೇರೆ ನಕ್ಷೆ, ಮಕ್ಕಳ ಡಾಕ್ಟರರ ಬಳಿ ಇರುತ್ತದೆ.

ಯಾವ ಕಾಯಿಲೆಗೆ ಹೋದರೂ ನೋಟುಬುಕ್ಕನ್ನು ಡಾಕ್ಟರರ ಮುಂದಿಟ್ಟು ಮೂರು ಪ್ರಶ್ನೆ ಕೇಳಿರಿ. ಈ ಏರಿಕೆಗೂ ನನ್ನ ತೊಂದರೆಗೂ ಸಂಬಂಧವಿದೆಯೇ? ನಾನು ತೆಗೆದುಕೊಳ್ಳುವ ಔಷಧವೋ ಥೈರಾಯ್ಡೋ ಇದಕ್ಕೆ ಕಾರಣವಾಗಿರಬಹುದೇ? ಮುಂದಿನ ಮೂರು ತಿಂಗಳಲ್ಲಿ ನಾನು ಮಾಡಬೇಕಾದ ಒಂದು ಕೆಲಸ ಯಾವುದು, ಮತ್ತೆ ಯಾವ ದಿನ ಬಂದು ತೋರಿಸಲಿ? ಎರಡನೆಯ ಪ್ರಶ್ನೆ ಬಹು ಮುಖ್ಯ. ಸ್ಟೀರಾಯ್ಡಿನಿಂದ, ಮನಸ್ಸಿನ ಕಾಯಿಲೆಯ ಕೆಲವು ಗುಳಿಗೆಗಳಿಂದಲೂ ತೂಕ ಏರುತ್ತದೆ. ತಿಂದದ್ದೇ ತಪ್ಪೆಂದು ಎಲ್ಲರನ್ನೂ ಗದರಿಸುವುದು ಅನ್ಯಾಯ. ತಾಯಿಯನ್ನು ಕರೆದೊಯ್ದರೆ ಅವರ ಪ್ರಶ್ನೆಗಳನ್ನು ಮೊದಲೇ ಕನ್ನಡದಲ್ಲಿ ಬರೆದುಕೊಂಡು, ಒಂದೊಂದನ್ನೂ ಬಿಡದೆ ಕೇಳಿ, ಉತ್ತರವನ್ನು ಕನ್ನಡದಲ್ಲಿಯೇ ಬರೆದು ಅವರ ಕೈಗೆ ಕೊಡಿರಿ.

ತೂಕ ಇಳಿಯದಿದ್ದರೆ ಎಲ್ಲ ವ್ಯರ್ಥವೆಂದೂ ತಿಳಿಯಬೇಡಿರಿ. ಚೆನ್ನೈಯಲ್ಲಿ ಡಾ. ಎ. ರಾಮಚಂದ್ರನ್ನರ ತಂಡ ಸಕ್ಕರೆ ಕಾಯಿಲೆಯ ಹೊಸ್ತಿಲಲ್ಲಿದ್ದ 531 ಜನರ ಮೇಲೆ ನಡೆಸಿ 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ನಡಿಗೆ ಮತ್ತು ಊಟದ ಶಿಸ್ತಿಗೆ ಒಳಗಾದವರಲ್ಲಿ ಕಾಯಿಲೆಯ ಅಪಾಯ ಶೇಕಡಾ 28.5ರಷ್ಟು ಕಡಮೆಯಾಯಿತು. ಸೋಜಿಗವೆಂದರೆ ಅವರ ತೂಕ ಹೇಳಿಕೊಳ್ಳುವಷ್ಟು ಇಳಿದಿರಲಿಲ್ಲ. ತಕ್ಕಡಿಯ ಮುಳ್ಳು ಕದಲದಿದ್ದರೂ ಒಳಗಿನ ಖಾತೆಯಲ್ಲಿ ಜಮೆಯಾಗುತ್ತಿರುತ್ತದೆ. ಇನ್ನು 2025ರಲ್ಲಿ ನಮ್ಮ ದೇಶದ ಮಾರುಕಟ್ಟೆಗೆ ಬಂದ, ತೂಕ ಇಳಿಸುವ ಹೊಸ ಚುಚ್ಚುಮದ್ದುಗಳ ಮಾತು ಈಗ ಕಚೇರಿ ಕಚೇರಿಯಲ್ಲಿ ಕೇಳುತ್ತಿದೆ. ಅವು ಯಾರಿಗೆ ತಕ್ಕವು ಎಂಬುದನ್ನು ಪರೀಕ್ಷಿಸಿ ಹೇಳುವ ಕೆಲಸ ಡಾಕ್ಟರರದು. ಗೆಳೆಯರಿಂದ ಹೆಸರು ಕೇಳಿ ಅಂಗಡಿಯಿಂದ ತರತಕ್ಕ ವಸ್ತುವಲ್ಲ.

ಮಾತಿನ ವಿಷಯದಲ್ಲಿ ನಮ್ಮ ಮನೆಗಳವರಿಗೂ ಒಂದು ಬಿನ್ನಹ. ಊರಿಗೆ ಹೋದಾಗ ಮೈಕೈ ತುಂಬಿಕೊಂಡಿದ್ದೀ ಎಂದು ಮೆಚ್ಚುತ್ತೇವೆ; ಅದೇ ಬಾಯಿಂದ ಸೋದರಳಿಯನನ್ನು ಡುಮ್ಮ ಎಂದು ಎಲ್ಲರ ಮುಂದೆ ಕರೆದು ನಗುತ್ತೇವೆ. ಹೊಗಳಿಕೆಯಿಂದ ಎಚ್ಚರ ತಪ್ಪುತ್ತದೆ, ಅಣಕದಿಂದ ಮನಸ್ಸು ಮುದುಡುತ್ತದೆ. ಒಮ್ಮೆ ಎಲ್ಲರೆದುರು ನಾಚಿದವನು ಮತ್ತೆ ತೂಕದ ಯಂತ್ರ ಹತ್ತುವುದಿಲ್ಲ, ಡಾಕ್ಟರರ ಮೆಟ್ಟಿಲನ್ನೂ ಹತ್ತುವುದಿಲ್ಲ. ಬಾಕಿದಾರನನ್ನು ಸಂತೆಯಲ್ಲಿ ನಿಲ್ಲಿಸಿ ಬೈದರೆ ಸಾಲ ವಸೂಲಾಗುವುದಿಲ್ಲ. ಒಳಗೆ ಕರೆದು ಕೂರಿಸಿ ಕಂತು ಗೊತ್ತುಮಾಡಿದರೆ ಆಗುತ್ತದೆ.

ಕೊನೆಯದಾಗಿ ಸಂಘದ ಮುಂದೆ ಒಂದು ಸೂಚನೆಯಿಡುತ್ತೇವೆ. ಈ ಸಭಾಭವನದ ಪಕ್ಕದ ಕೋಣೆಯಲ್ಲಿ ಒಂದು ಒಳ್ಳೆಯ ತೂಕದ ಯಂತ್ರ, ಗೋಡೆಗೆ ಎತ್ತರದ ಪಟ್ಟಿ, ಒಂದು ಟೇಪು ಇರಲಿ. ತಿಂಗಳಿಗೊಂದು ಭಾನುವಾರ ಅರ್ಧ ದಿನ ಕೋಣೆ ತೆರೆದಿರಲಿ. ಒಬ್ಬೊಬ್ಬರೇ ಒಳಗೆ ಹೋಗಲಿ. ಅಂಕಿಯನ್ನು ಕೂಗಿ ಹೇಳದೆ ಅವರವರ ನೋಟುಬುಕ್ಕಿನಲ್ಲಿ ಬರೆದುಕೊಡಲಿ. ಬರೆಯುವ ಕೆಲಸಕ್ಕೆ ನಾವು ಬ್ಯಾಂಕಿನವರು ನಾಲ್ಕು ಜನ ಸರದಿಯಂತೆ ಬರಲು ಸಿದ್ಧರಿದ್ದೇವೆ. ಸಂಘದ ಸದಸ್ಯರಾದ ಡಾಕ್ಟರರು ಒಂದು ಗಂಟೆ ಕುಳಿತು, ಕನ್ನಡದಲ್ಲಿ ಕೇಳಿದ ಪ್ರಶ್ನೆಗೆ ಕನ್ನಡದಲ್ಲಿ ಉತ್ತರ ಕೊಟ್ಟರೆ ಅದಕ್ಕಿಂತ ದೊಡ್ಡ ಉಪಕಾರವಿಲ್ಲ. ಯಂತ್ರದ ಖರ್ಚು ಈ ಉತ್ಸವದ ಒಂದು ದಿನದ ಹೂವಿನ ಖರ್ಚಿಗಿಂತ ಹೆಚ್ಚಾಗದೆಂದು ನಮ್ಮ ಅಂದಾಜು.

ನೌಕರಿ ನಮ್ಮನ್ನು ಊರಿಂದೂರಿಗೆ ಕಳುಹಿಸುತ್ತಲೇ ಇರುತ್ತದೆ. ಸಾಮಾನು ಲಾರಿಯಲ್ಲಿ ಬರುತ್ತದೆ; ಮಕ್ಕಳ ಶಾಲೆಯ ದಾಖಲೆಯನ್ನು ಕೈಚೀಲದಲ್ಲಿ ಜೋಪಾನವಾಗಿ ತರುತ್ತೇವೆ. ಆ ಚೀಲದಲ್ಲಿಯೇ ಮನೆಯವರ ಆರೋಗ್ಯದ ನೋಟುಬುಕ್ಕಿಗೂ ಜಾಗ ಮಾಡಿರಿ. ಹೊಸ ಊರಿನ ಡಾಕ್ಟರರು ಅದನ್ನು ತೆರೆದು ಹಿಂದಿನ ಪುಟಗಳನ್ನು ನೋಡಿದ ದಿನ ನಮ್ಮ ಲೆಕ್ಕ ಸರಿಹೋದಂತೆ.